ನಾಸೌ ಬಾಜಿ (ಗಾಲ್ಫ್)

ನಾಸೌ ಎಂಬುದು ಗೆಳೆಯರು ಸೇರಿ ಗಾಲ್ಫ್ ಆಡುವಾಗ ಸಣ್ಣ ಮೊತ್ತಕ್ಕೆ ಕಟ್ಟುವ ಬಾಜಿ. ಅಮೆರಿಕದಲ್ಲಿ ಇದರ ಬಳಕೆ ಹೆಚ್ಚು. 18 ಹೋಲ್‌ಗಳ ಸುತ್ತಿನೊಳಗೆ ಮೂರು ಬಾಜಿಗಳಿರುತ್ತವೆ: ಮೊದಲ ಒಂಬತ್ತು ಹೋಲ್‌ಗಳಿಗೆ ಒಂದು, ಕೊನೆಯ ಒಂಬತ್ತಕ್ಕೆ ಇನ್ನೊಂದು, ಇಡೀ ಸುತ್ತಿಗೆ ಮತ್ತೊಂದು. ಸಾಮಾನ್ಯವಾಗಿ ಹೆಚ್ಚು ಹೋಲ್ ಗೆದ್ದವರಿಗೆ ಬಾಜಿ, ಮೂರಕ್ಕೂ ಪಣ ಒಂದೇ. ಎರಡು ಡಾಲರ್ ನಾಸೌ ಎಂದರೆ, ಮೂರನ್ನೂ ಸೋತವರು ಕೊಡಬೇಕಾದದ್ದು ಆರು ಡಾಲರ್.

ಗಾಲ್ಫ್‌ನಲ್ಲಿ ಪಣವಿಡುವುದು ಬಹಳ ಹಳೆಯ ರೂಢಿ. ಸ್ಕಾಟ್ಲೆಂಡಿನ ದೊರೆ ನಾಲ್ಕನೆಯ ಜೇಮ್ಸ್ ಬಾತ್‌ವೆಲ್‌ನ ಅರ್ಲ್ ಜೊತೆ ಆಡಲು ಮೂರು ಫ್ರೆಂಚ್ ಕ್ರೌನ್ ನಾಣ್ಯಗಳನ್ನು ಪಡೆದದ್ದು 1504ರ ಖಜಾನೆ ಲೆಕ್ಕದಲ್ಲಿಯೇ ಇದೆ. ನಾಸೌ ಮಾತ್ರ ನಾಲ್ಕು ಶತಮಾನಗಳ ನಂತರದ್ದು. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡ್‌ನಲ್ಲಿ, ಗ್ಲೆನ್ ಕೋವ್ ಎಂಬಲ್ಲಿರುವ ನಾಸೌ ಕಂಟ್ರಿ ಕ್ಲಬ್‌ನಲ್ಲಿ 1900ರ ಸುಮಾರಿಗೆ ಜೆ. ಬಿ. ಕೋಲ್ಸ್ ಟ್ಯಾಪನ್ ಇದನ್ನು ರೂಪಿಸಿದರೆಂಬುದು ಪ್ರಚಲಿತ ವಿವರಣೆ. ಭಾರಿ ಅಂತರದ ಸೋಲು ಪತ್ರಿಕೆಯಲ್ಲಿ ಅಚ್ಚಾದಾಗ ಆಗುವ ಮುಜುಗರವನ್ನು ತಪ್ಪಿಸುವುದು ಉದ್ದೇಶವಾಗಿತ್ತಂತೆ: ಎಷ್ಟೇ ಕೆಟ್ಟದಾಗಿ ಆಡಿದರೂ ಫಲಿತಾಂಶ 3–0 ದಾಟುವುದಿಲ್ಲ.

ಸೋತವರನ್ನು ಆಟದೊಳಗೇ ಉಳಿಸಿಕೊಳ್ಳುವುದು ಈ ಬಾಜಿಯ ನಿಜವಾದ ಜಾಣ್ಮೆ. ಹತ್ತನೆಯ ಹೋಲ್‌ಗೆ ಬಂದಾಗ ಹೊಸ ಲೆಕ್ಕ ಶುರುವಾಗುತ್ತದೆ. ಮೊದಲರ್ಧ ಪೂರ್ತಿ ಕೈಬಿಟ್ಟವರಿಗೂ ಆಡಲು ಕಾರಣವಿರುತ್ತದೆ. ಅದೂ ಸಾಲದೆಂದು ‘ಪ್ರೆಸ್’ ಇದೆ. ಎರಡು ಹೋಲ್ ಹಿಂದೆ ಬಿದ್ದವರು ಆ ಅರ್ಧದ ಉಳಿದ ಹೋಲ್‌ಗಳಿಗೆ ಅಷ್ಟೇ ಮೊತ್ತದ ಹೊಸ ಬಾಜಿ ಕೇಳಬಹುದು. ಹಳೆಯದು ಹಾಗೆಯೇ ಮುಂದುವರಿಯುತ್ತದೆ. ಆರು ಹೋಲ್ ಮುಗಿದಾಗ ಎರಡು ಹಿಂದಿರುವ ಆಟಗಾರ್ತಿ ಪ್ರೆಸ್ ಮಾಡಿ, ಏಳನೆಯದನ್ನು ಗೆದ್ದು, ಎಂಟು ಮತ್ತು ಒಂಬತ್ತನ್ನು ಸಮ ಮಾಡಿಕೊಂಡರೆ, ಹಳೆಯ ಬಾಜಿಯನ್ನು ಒಂದರಿಂದ ಸೋತು ಹೊಸದನ್ನು ಒಂದರಿಂದ ಗೆಲ್ಲುತ್ತಾಳೆ. ಅಲ್ಲಿಗೆ ಕೊಡುವುದು ತೆಗೆದುಕೊಳ್ಳುವುದು ಸರಿಸಮ. ಆದರೆ ಪ್ರೆಸ್ ಮೇಲೆ ಪ್ರೆಸ್ ಬಿದ್ದರೆ ಆರು ಡಾಲರ್‌ನ ಮಿತಿ ಉಳಿಯುವುದಿಲ್ಲ. ಎಷ್ಟು ಪ್ರೆಸ್ ಇರಬಹುದು, ಅದು ತಾನಾಗಿಯೇ ಜಾರಿಯಾಗುತ್ತದೆಯೇ ಅಥವಾ ಕೇಳಬೇಕೇ ಎಂಬುದನ್ನು ಮೊದಲ ಟೀಯಲ್ಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಬಾಜಿ ನ್ಯಾಯವಾಗಿ ನಡೆಯುವುದು ಹ್ಯಾಂಡಿಕ್ಯಾಪ್‌ನಿಂದ, ಅಂದರೆ ಆಟಗಾರರ ಮಟ್ಟಕ್ಕೆ ತಕ್ಕಂತೆ ಸಿಗುವ ಹೊಡೆತಗಳ ರಿಯಾಯಿತಿಯಿಂದ. 8 ಹ್ಯಾಂಡಿಕ್ಯಾಪ್‌ನವರು 18ರವರೊಡನೆ ಆಡುವಾಗ, ಹೋಲ್‌ಗಳ ಕಷ್ಟದ ಕ್ರಮವಾದ ಸ್ಟ್ರೋಕ್ ಇಂಡೆಕ್ಸ್‌ನಲ್ಲಿ 1ರಿಂದ 10ರವರೆಗಿನ ಹೋಲ್‌ಗಳಲ್ಲಿ ಒಂದೊಂದು ಹೊಡೆತ ಬಿಟ್ಟುಕೊಡುತ್ತಾರೆ. ಬೇರೆ ಬೇರೆ ಮಟ್ಟದವರು ಸಮವಾಗಿ ಸೆಣಸುವ ಇಂಥ ಅವಕಾಶ ಹೆಚ್ಚಿನ ಆಟಗಳಲ್ಲಿಲ್ಲ. ಹಾಗಾಗಿಯೇ ಹ್ಯಾಂಡಿಕ್ಯಾಪನ್ನು ಬೇಕೆಂದೇ ಹೆಚ್ಚು ತೋರಿಸುವುದು, ಅಂದರೆ ‘ಸ್ಯಾಂಡ್‌ಬ್ಯಾಗಿಂಗ್’, ಗೆಳೆತನಕ್ಕೆ ಬಗೆಯುವ ದ್ರೋಹ.

ಮೊತ್ತ ಬೆಳೆದಾಗ ಏನಾಗುತ್ತದೆಂಬುದಕ್ಕೆ ಲಾಂಗ್ ಐಲೆಂಡ್‌ನಲ್ಲೇ ಸಾಕ್ಷಿಯಿದೆ. ಆಟಗಾರರನ್ನು ಹರಾಜು ಕೂಗಿ, ಕೂಡಿದ ಹಣವನ್ನು ಗೆದ್ದ ಜೋಡಿಯ ಮೇಲೆ ಕೂಗಿದವರಿಗೆ ಹಂಚುವ ‘ಕಲ್ಕತ್ತಾ’ ಎಂಬ ಪದ್ಧತಿ ಅಮೆರಿಕದ ಕ್ಲಬ್‌ಗಳಲ್ಲಿತ್ತು. 1955ರಲ್ಲಿ ಡೀಪ್‌ಡೇಲ್ ಕ್ಲಬ್‌ನ ಇಂಥ ಪಂದ್ಯವೊಂದರಲ್ಲಿ ಗೆದ್ದ ಜೋಡಿ ಸುಳ್ಳು ಹ್ಯಾಂಡಿಕ್ಯಾಪ್‌ನಲ್ಲಿ ಆಡಿತ್ತೆಂಬುದು ಬಯಲಾಯಿತು. ಸಾವಿರಾರು ಡಾಲರ್ ಕೈಬದಲಾಗಿತ್ತು. ಅಮೆರಿಕದ ಗಾಲ್ಫ್ ಸಂಘವಾದ ಯುಎಸ್‌ಜಿಎ ಸಂಘಟಿತ ಜೂಜನ್ನು ಬಲವಾಗಿ ಖಂಡಿಸಿತು.

ಆದರೆ ಗೆಳೆಯರ ನಡುವಿನ ಸಣ್ಣ ಬಾಜಿಗೆ, ಗಾಲ್ಫ್ ನಿಯಮಗಳನ್ನು ರೂಪಿಸುವ ಯುಎಸ್‌ಜಿಎ ಮತ್ತು ಆರ್ ಅಂಡ್ ಎ ಸಂಸ್ಥೆಗಳ ಆಕ್ಷೇಪವಿಲ್ಲ. ಆಡುವವರು ಪರಸ್ಪರ ಪರಿಚಿತರಾಗಿರಬೇಕು, ಬಾಜಿಗೆ ಯಾರನ್ನೂ ಒತ್ತಾಯಿಸಬಾರದು, ಹಣ ಆಟಗಾರರ ಜೇಬಿನಿಂದಲೇ ಬರಬೇಕು, ಮೊತ್ತ ಅತಿಯಾಗಬಾರದು ಎಂಬುದು ಅವುಗಳ ನಿಲುವಿನ ತಿರುಳು.