ಬ್ಯಾಟ್ರಿ ಹಿಡಿದ ಕೈ

ನಮ್ಮೂರ ಕಡೆ ಟಾರ್ಚಿಗೆ ಬ್ಯಾಟ್ರಿ ಅಂತಾರೆ. ಮೂರು ಸೆಲ್ಲಿನ ಉದ್ದನೆ ಬ್ಯಾಟ್ರಿಯೊಂದು ನಮ್ಮನೆ ಬಾಗಿಲ ಹಿಂದಿನ ಮೊಳೆಗೆ ಯಾವಾಗ್ಲೂ ನೇತಾಡ್ತಾ ಇರ್ತಿತ್ತು. 2010ರಲ್ಲಿ ಬೆಂಗಳೂರಿನ ಬಾಡಿಗೆ ರೂಮಿನಲ್ಲಿ ಬಿಳಿ ಪ್ಲಾಸ್ಟಿಕ್ಕಿನ ರಿಮೋಟು ಹಿಡಿದು ಟಿವಿ ಮುಂದೆ ನಿಂತಾಗ ನನಗೆ ಅದು ನೆನಪಾಯ್ತು. ಆ ಕತೆ ಆಮೇಲೆ. ಮೊದಲು ರಿಮೋಟಿನ ಕತೆ.

ಅದು ನಿಂಟೆಂಡೋ ಕಂಪನಿಯ ವೀ ಅನ್ನೋ ಗೇಮ್ ಯಂತ್ರದ ರಿಮೋಟು. ಕಂಪನಿಯ ಅಧ್ಯಕ್ಷ ಸಟೋರು ಇವಾಟ ಅದನ್ನು ಜಗತ್ತಿಗೆ ತೋರಿಸಿದ್ದು 2005ರ ಸೆಪ್ಟೆಂಬರಿನಲ್ಲಿ, ಟೋಕಿಯೋ ಗೇಮ್ ಶೋನಲ್ಲಿ. ಈ ಮನುಷ್ಯ ಮೂಲತಃ ನಮ್ಮ ಹಾಗೇ ಕೋಡ್ ಬರೀತಿದ್ದವರು, ಅದಕ್ಕೇ ನನಗೆ ಅವರ ಮೇಲೆ ಒಂಚೂರು ಪ್ರೀತಿ ಜಾಸ್ತಿ. ಮರುವರ್ಷ ನವೆಂಬರಿನಲ್ಲಿ ವೀ ಅಂಗಡಿಗೆ ಬಂತು. ಜನ ಟೆನ್ನಿಸ್ ಆಡ್ತೀವಿ ಅಂತ ಎಷ್ಟು ಜೋರಾಗಿ ಕೈ ಬೀಸಿದರೆಂದರೆ, ರಿಮೋಟು ಕೈಯಿಂದ ಹಾರಿ ಟಿವಿಗಳೇ ಒಡೆದವು. ತಿಂಗಳೊಳಗೇ ಕಂಪನಿ ಸುಮಾರು 32 ಲಕ್ಷ ಮಣಿಕಟ್ಟಿನ ದಾರಗಳನ್ನು ಬದಲಾಯಿಸಿಕೊಡಬೇಕಾಯ್ತು.

ಒಳಗಿನ ಕೆಲಸ ಸರಳ. ಚಿಪ್ಪಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾನ್ ತೂಕವೊಂದು ಸ್ಪ್ರಿಂಗಿಗೆ ನೇತುಬಿದ್ದಿರುತ್ತೆ. ಕೈ ಬೀಸಿದರೆ ಅದು ಸರಿಯುತ್ತೆ, ಸರಿದದ್ದನ್ನು ವಿದ್ಯುತ್ತಿನ ವ್ಯತ್ಯಾಸದಲ್ಲಿ ಅಳೀತಾರೆ. ಮೊಬೈಲ್ ಅಡ್ಡ ಮಾಡಿದ್ರೆ ಪರದೆ ತಿರುಗುತ್ತಲ್ಲ, ಅದೇ ವಿದ್ಯೆ. ರಿಮೋಟಿನ ಮೂತಿಯಲ್ಲಿ ಇನ್‌ಫ್ರಾರೆಡ್ ಕ್ಯಾಮೆರಾ. ಟಿವಿ ಮೇಲಿಡೋ ಪಟ್ಟಿಗೆ ಸೆನ್ಸರ್ ಬಾರ್ ಅಂತ ಹೆಸರು, ಆದರೆ ಅದರಲ್ಲಿ ಸೆನ್ಸರೇ ಇಲ್ಲ! ಎರಡೂ ತುದಿಯಲ್ಲಿ ಕಣ್ಣಿಗೆ ಕಾಣದ ಬೆಳಕು ಬಿಡೋ ದೀಪಗಳಿರುತ್ತವೆ, ಅಷ್ಟೇ. ನೋಡೋದು ರಿಮೋಟು. ನನ್ನ ವೀ ಅಮೆರಿಕದಿಂದ ವಾಪಸ್ಸು ಬಂದ ಸಹೋದ್ಯೋಗಿ ಕೊಟ್ಟಿದ್ದು. ರೂಮ್‌ಮೇಟ್ ಒಬ್ಬ ಎಡವಿ ಆ ಪಟ್ಟಿಯ ವೈರು ಕಿತ್ತುಹಾಕಿದ. ಎರಡು ಮೇಣದಬತ್ತಿ ಹಚ್ಚಿ ಟಿವಿ ಮುಂದೆ ಅರ್ಧ ಅಡಿ ಅಂತರದಲ್ಲಿಟ್ಟೆ. ಸಲೀಸಾಗಿ ಕೆಲಸ ಮಾಡಿತು. ದೆವ್ವದ ಆಟಕ್ಕೆ ಇದಕ್ಕಿಂತ ಒಳ್ಳೆ ಬೆಳಕು ಇನ್ನೇನು ಬೇಕು ಹೇಳಿ?

ಭಯದ ಆಟಗಳ ಇತಿಹಾಸದಲ್ಲಿ ಒಂದು ವಿಚಿತ್ರ ಇದೆ. ಅಲ್ಲಿ ಭಯ ಹುಟ್ಟಿದ್ದೇ ಯಂತ್ರದ ಬಡತನದಿಂದ. 1996ರಲ್ಲಿ ಕ್ಯಾಪ್ಕಾಮ್‌ನ ಶಿಂಜಿ ಮಿಕಾಮಿ ರೆಸಿಡೆಂಟ್ ಈವಿಲ್ ಮಾಡಿದಾಗ, ಬಂಗಲೆಯ ಕೋಣೆಗಳನ್ನೆಲ್ಲ ಅಷ್ಟು ಚಂದವಾಗಿ ಆಗಿಂದಾಗಲೇ ಬಿಡಿಸೋ ತಾಕತ್ತು ಪ್ಲೇಸ್ಟೇಷನ್ನಿಗೆ ಇರಲಿಲ್ಲ. ಹಾಗಾಗಿ ಮೊದಲೇ ತಯಾರಿಸಿಟ್ಟ ಚಿತ್ರಗಳ ಮೇಲೆ ಪಾತ್ರ ಓಡಾಡ್ತಿತ್ತು. ಕ್ಯಾಮೆರಾ ಅಲ್ಲಾಡೋ ಹಾಗಿಲ್ಲ. ಮೂಲೆ ತಿರುಗಿದರೆ ಆಚೆ ಏನಿದೆ ಕಾಣಲ್ಲ, ಕಾಲೆಳೆಯೋ ಸದ್ದು ಮಾತ್ರ ಕೇಳುತ್ತೆ. ಪಾತ್ರವನ್ನು ತಿರುಗಿಸೋದು ಕೆಸರಲ್ಲಿ ಟ್ರ್ಯಾಕ್ಟರ್ ತಿರುಗಿಸಿದಷ್ಟು ಕಷ್ಟ. ಜನ ಬೈಕೊಂಡೇ ಹೆದರಿದರು.

ಅದೇ ಮಿಕಾಮಿ 2005ರ ಜನವರಿಯಲ್ಲಿ ರೆಸಿಡೆಂಟ್ ಈವಿಲ್ 4 ತಂದರು. ಅದರ ಹಿಂದೆ ಎಸೆದ ಕರಡುಗಳೇ ಒಂದು ರಾಶಿ. ಹಾಗೆ ಎಸೆದ ಒಂದು ಕರಡು ಡೆವಿಲ್ ಮೇ ಕ್ರೈ ಅನ್ನೋ ಬೇರೆ ಆಟವೇ ಆಯ್ತು. ಕೊನೆಗೆ ಬಂದದ್ದರಲ್ಲಿ ಕ್ಯಾಮೆರಾ ನಾಯಕನ ಭುಜದ ಹಿಂದೆ. ಸ್ಪೇನಿನ ಹಳ್ಳಿಯೊಂದರ ಜನ ಕವೆಗೋಲು, ಕೊಡಲಿ ಹಿಡಿದು ಬರ್ತಾರೆ. ನಿಂತು ಗುರಿಯಿಟ್ಟರೆ ನಡೆಯೋ ಹಾಗಿಲ್ಲ, ನಡೆದರೆ ಹೊಡೆಯೋ ಹಾಗಿಲ್ಲ. 2007ರಲ್ಲಿ ಅದು ವೀಗೆ ಬಂದಾಗ ಗುರಿಯಿಡೋ ಕೆಲಸ ಕಡ್ಡಿಯಿಂದ ಕೈಗೆ ಬಂತು. ರಿಮೋಟು ತೋರಿಸಿದ ಕಡೆ ಗುಂಡು, ಅಲ್ಲಾಡಿಸಿದರೆ ಚಾಕು. ಇದೇ ಎಲ್ಲಕ್ಕಿಂತ ಒಳ್ಳೆ ಆವೃತ್ತಿ ಅಂತ ಹೇಳೋರು ಬಹಳ ಜನ. ಆಡೋಕೆ ಹೌದು. ಹೆದರೋಕೆ ಅಲ್ಲ ಅಂತ ನನ್ನ ವಾದ. ಕೈ ಇಷ್ಟು ಚುರುಕಾದ ಮೇಲೆ ಎದುರಿಗಿರೋರು ಜಾತ್ರೆಯಲ್ಲಿ ಬಲೂನಿಗೆ ಗುಂಡು ಹೊಡೆಯೋ ಅಂಗಡಿಯ ಬಲೂನುಗಳ ಥರ ಆಗಿಬಿಟ್ರು. ನಾನು ಆ ಹಳ್ಳಿಯನ್ನ ಒಂದೇ ಭಾನುವಾರದಲ್ಲಿ ನಗ್ತಾ ದಾಟಿದೆ.

ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನ ಕ್ಲೈಮ್ಯಾಕ್ಸ್ ಸ್ಟುಡಿಯೋದವರು ಇದನ್ನು ತಿರುವುಮುರುವು ಮಾಡಿದರು. ಅವರ ಸೈಲೆಂಟ್ ಹಿಲ್: ಶ್ಯಾಟರ್ಡ್ ಮೆಮರೀಸ್ ಬಂದಿದ್ದು 2009ರ ಡಿಸೆಂಬರಿನಲ್ಲಿ. ಅದರಲ್ಲಿ ಬಂದೂಕೇ ಇಲ್ಲ. ಹಿಮ ಸುರಿಯೋ ಊರು, ಕಾರು ಅಪಘಾತ, ಕಾಣೆಯಾದ ಮಗಳನ್ನು ಹುಡುಕೋ ಅಪ್ಪ. ಅವನ ಕೈಲಿ ಒಂದು ಟಾರ್ಚು. ರಿಮೋಟೇ ಆ ಟಾರ್ಚು. ಫೋನ್ ಬಂದರೆ ರಿಮೋಟಿನ ಪುಟ್ಟ ಸ್ಪೀಕರಿನಿಂದಲೇ ದನಿ ಬರುತ್ತೆ, ಕಿವಿಗೆ ಹಿಡ್ಕೋಬೇಕು. ದುಃಸ್ವಪ್ನದಲ್ಲಿ ಆಕೃತಿಗಳು ಮೈಮೇಲೆ ಹತ್ತಿದರೆ ಎರಡೂ ಕೈಯಲ್ಲಿ ಕಿತ್ತೆಸೆದು ಓಡಬೇಕು. ಓಡೋದೊಂದೇ ದಾರಿ. ಹಿಂದಿನ ವರ್ಷ ಜಪಾನಿನಲ್ಲಿ ಬಂದ ನಾಲ್ಕನೇ ಫೇಟಲ್ ಫ್ರೇಮ್ ಕೂಡ ರಿಮೋಟನ್ನು ಟಾರ್ಚು ಮಾಡಿತ್ತು, ಆದರೆ ಅಲ್ಲಿ ದೆವ್ವ ಓಡಿಸೋಕೆ ಕ್ಯಾಮೆರಾ ಕೊಟ್ಟಿದ್ದರು. ಇಲ್ಲಿ ಅದೂ ಇಲ್ಲ.

ಬೆಳಕು ನನ್ನ ಕೈ ಹೇಳಿದ ಕಡೆಯೇ ಹೋಗುತ್ತೆ. ಕೈ ನಡುಗಿದರೆ ಗೋಡೆ ಮೇಲಿನ ಬೆಳಕೂ ನಡುಗುತ್ತೆ. ಬಟನ್ನು ಒತ್ತುವಾಗ ಭಯವನ್ನ ಮುಚ್ಚಿಡಬಹುದು, ಇಲ್ಲಿ ಆಗಲ್ಲ.

ನಾನು ಎಸೆಸೆಲ್ಸಿಯಲ್ಲಿದ್ದಾಗ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡ್ತಿದ್ದುದು ರಾತ್ರಿ ಎರಡು ಗಂಟೆಗೆ. ಒಂದಿನ ಅಪ್ಪನಿಗೆ ಜ್ವರ. ಟೊಮೊಟೊ ಸಸಿ ನೆಟ್ಟು ಮೂರು ದಿನ ಆಗಿತ್ತು. "ಮೋಟ್ರು ಹಾಕಿ ಬಾ ಮಗ" ಅಂತ ಕಳಿಸಿದರು. ಕಬ್ಬಿನ ಗದ್ದೆ ಬದುವಿನ ಮೇಲೆ ಅರ್ಧ ದಾರಿ ಹೋದೆ. ಕಬ್ಬಿನೊಳಗೆ ಏನೋ ಸರಿದಂಗಾಯ್ತು. ಬ್ಯಾಟ್ರಿ ಬಿಟ್ಟೆ, ಗರಿ ಬಿಟ್ಟು ಏನೂ ಕಾಣಲಿಲ್ಲ. ವಾಪಸ್ ಬಂದು "ಕರೆಂಟು ಬಂದಿಲ್ಲ ಕಣಪ್ಪ" ಅಂದೆ. ಬೆಳಿಗ್ಗೆ ಪಕ್ಕದ ಹೊಲದಲ್ಲಿ ನೀರು ಹರಿದಿತ್ತು. ನಮ್ಮ ಸಸಿಗಳು ಮಧ್ಯಾಹ್ನದ ಹೊತ್ತಿಗೆ ಸಾಲುಸಾಲಾಗಿ ತಲೆ ಹಾಕಿದವು. ಅಪ್ಪ ಪಕ್ಕದ ಹೊಲವನ್ನೂ ನೋಡಿದರು, ನನ್ನನ್ನೂ ನೋಡಿದರು. ಏನೂ ಅನ್ನಲಿಲ್ಲ.

ಅದೇ ಅಪ್ಪ ಕಣ್ಣು ತೋರಿಸೋಕೆ ಅಂತ ಬೆಂಗಳೂರಿಗೆ ಬಂದಿದ್ದರು. ನಾನು ಮೇಣದಬತ್ತಿ ಹಚ್ಚಿಕೊಂಡು ಆ ಹಿಮದ ಊರಲ್ಲಿ ಟಾರ್ಚು ಬಿಡ್ತಾ ನಿಂತಿದ್ದನ್ನ ಸ್ವಲ್ಪ ಹೊತ್ತು ನೋಡಿ, "ಇದ್ರಲ್ಲಿ ಏನ್ಲಾ ಹುಡುಕೋದು?" ಅಂದರು. ಮಗಳು ಕಳೆದೋಗವ್ಳೆ ಅಂದೆ. ರಿಮೋಟು ಇಸ್ಕೊಂಡರು. ಬೆಳಕನ್ನ ನಾನು ಬಿಟ್ಟ ಹಾಗೆ ಮರದ ಮೇಲೆ, ಕಿಟಕಿ ಮೇಲೆ ಬಿಡಲಿಲ್ಲ. ಕೈ ಇಳಿಸಿ, ಪಾತ್ರದ ಕಾಲ ಮುಂದಿನ ನೆಲಕ್ಕೇ ಬಿಟ್ಟು, ಎಡಕ್ಕೊಂದು ಸಲ ಬಲಕ್ಕೊಂದು ಸಲ ಆಡಿಸಿದರು. ಹಾವಿರೋ ಕಡೆ ನಡೆಯೋರು ಬಿಡೋ ರೀತಿ.

"ಅಷ್ಟು ದೂರ ಬಿಟ್ರೆ ಹೆದರಿಕೆ ಆಗದೆ ಇನ್ನೇನಾದದು? ಕಾಲತ್ರ ಬಿಡಬೇಕು ಕಣ್ಲಾ" ಅಂದರು. ಆಮೇಲೆ ರಿಮೋಟನ್ನ ನನ್ನ ಕೈಗೆ ವಾಪಸ್ಸು ಕೊಡ್ತಾ, "ಅವತ್ತೂ ಹಂಗೇ ದೂರ ಬಿಟ್ಟಿದ್ದೆ ಕನಾ" ಅಂದು, ಚಾಪೆ ಹಾಸ್ಕೊಂಡು ಮಲಗಿದರು.