ಪಿಂಡವಿಲ್ಲದ ಹಿರಿಯರು

ನಾಗಪುರದ ಪ್ರತಾಪ ನಗರದಲ್ಲಿ ಬಂದು ನೆಲಸಿದ ಮೇಲೆ ದಸರೆಯೆಂಬ ಶಬ್ದಕ್ಕೆ ನನ್ನ ಮನಸ್ಸಿನಲ್ಲಿದ್ದ ಅರ್ಥವೇ ಬೇರೆಯಾಯಿತು. ಕನ್ನಡಿಗನಿಗೆ ದಸರೆಯೆಂದರೆ ಆನೆ, ಅಂಬಾರಿ, ಬನ್ನಿ, ಆಯುಧಪೂಜೆ. ಎಲ್ಲವೂ ಆಳಿದವರ ಹಬ್ಬದ ಅಂಗಗಳು. ಇಲ್ಲಿಯಾದರೋ ವಿಜಯದಶಮಿಗೆ ಎರಡು ದಿನ ಮುಂಚಿನಿಂದಲೇ ಬಿಳಿಯ ಬಟ್ಟೆಯುಟ್ಟು, ಬುತ್ತಿಯ ಗಂಟು ಹೊತ್ತು, ಮಕ್ಕಳ ಕೈಹಿಡಿದು, ಮಹಾರಾಷ್ಟ್ರದ ಮೂಲೆಮೂಲೆಗಳಿಂದಲೂ ನಮ್ಮ ಬೀದರ ಕಲಬುರಗಿಗಳ ಕಡೆಯಿಂದಲೂ ಬಂದ ಜನ ನಮ್ಮ ಬಡಾವಣೆಗೆ ಅನತಿದೂರದಲ್ಲಿರುವ ದೀಕ್ಷಾಭೂಮಿಯ ಕಡೆಗೆ ಹರಿಯತೊಡಗುತ್ತಾರೆ. ರಸ್ತೆಯ ಎರಡು ಮಗ್ಗುಲಲ್ಲೂ ಪುಸ್ತಕದ ಅಂಗಡಿಗಳು ಎದ್ದುಬಿಡುತ್ತವೆ. ಜಾತ್ರೆಯಲ್ಲಿ ಬೆಂಡುಬತ್ತಾಸಿಗಿಂತ ಪುಸ್ತಕವೇ ಹೆಚ್ಚು ಮಾರಾಟವಾಗುವುದನ್ನು ನಾನು ಕಂಡದ್ದು ಇಲ್ಲಿಯೇ ಮೊದಲು.

ಈ ದಿನ ಪಂಚಾಂಗದಲ್ಲಿ ಎಲ್ಲಿ ಬೀಳುತ್ತದೆಂಬುದನ್ನು ಗಮನಿಸಬೇಕು. ಮಹಾಲಯ ಅಮಾವಾಸ್ಯೆಗೆ ಪಿತೃಪಕ್ಷ ಮುಗಿದರೆ ಹತ್ತನೆಯ ದಿನಕ್ಕೆ ವಿಜಯದಶಮಿ. ಪಿತೃಕಾರ್ಯಕ್ಕೆ ಕುಳಿತವನು ತಂದೆ, ಅಜ್ಜ, ಮುತ್ತಜ್ಜನೆಂಬ ಮೂರು ತಲೆಗಳ ಹೆಸರನ್ನು ಗೋತ್ರಸಹಿತವಾಗಿ ಉಚ್ಚರಿಸಬೇಕಷ್ಟೆ. ಹೇಳಿಕೊಳ್ಳಲು ಯಾರೂ ಇಲ್ಲದೆ ಹೋದವರಿಗೂ ಒಂದು ಬೊಗಸೆ ನೀರು ಬಿಡುವ ವಿಧಿಯುಂಟು, ನಿಜ. ಆದರೆ ಆ ನೀರು ಯಾರ ಹೆಸರನ್ನೂ ಹಿಡಿದು ಕರೆಯುವುದಿಲ್ಲ. 1956ರ ಅಕ್ಟೋಬರ್ 14ರಂದು, ಅಶೋಕ ವಿಜಯದಶಮಿಯ ದಿನ, ಇದೇ ಮೈದಾನದಲ್ಲಿ ಕುಶಿನಗರದ ಚಂದ್ರಮಣಿ ಮಹಾಸ್ಥವಿರರಿಂದ ತ್ರಿಶರಣ ಪಂಚಶೀಲಗಳನ್ನು ಸ್ವೀಕರಿಸಿ ಬೌದ್ಧರಾದ ಡಾ. ಅಂಬೇಡ್ಕರರು, ಬಳಿಕ ನೆರೆದ ಲಕ್ಷಾಂತರ ಜನರಿಗೆ ತಾವೇ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ, ಶ್ರಾದ್ಧವನ್ನು ಮಾಡೆನು, ಪಿಂಡವನ್ನಿಡೆನು ಎಂಬುದೂ ಒಂದು. ಮೊದಲ ಸಲ ಓದಿದಾಗ ಅದು ನನಗೆ ಕಠೋರವಾಗಿ ತೋರಿತ್ತು. ದೇವರನ್ನು ಬಿಟ್ಟದ್ದಾಯಿತು, ಹಿರಿಯರನ್ನೂ ಬಿಡಬೇಕೆ ಎನ್ನಿಸಿತ್ತು.

ಆ ಸಂಶಯವನ್ನು ನನ್ನಲ್ಲಿ ಸಡಿಲಿಸಿದ್ದು ಒಂದು ನಾಯಿಯ ಕಥೆ. ಮಂಡ್ಯ ಜಿಲ್ಲೆಯ ಮದ್ದೂರು ಸೀಮೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಶಿಲಾಶಾಸನವೊಂದುಂಟು. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನು ತನ್ನೊಡೆಯನಾದ ಗಂಗರ ಬೂತುಗನಲ್ಲಿ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಕಾಡುಹಂದಿಯೊಡನೆ ಸೆಣಸಿ, ಹಂದಿಯೂ ತಾನೂ ಒಟ್ಟಿಗೆ ಸತ್ತಿತು. ಸುಮಾರು 950ರಲ್ಲಿ ಅದಕ್ಕೆ ಕಲ್ಲು ನಿಲ್ಲಿಸಿ, ಕಲ್ಲಿನ ಪೂಜೆಗೆಂದು ಭೂಮಿಯನ್ನು ಬಿಟ್ಟರು. ಶಿಲ್ಪಿ ನಾಯಿಯನ್ನೂ ಹಂದಿಯನ್ನೂ ಮುಖಾಮುಖಿಯಾಗಿ ಕಡೆದಿದ್ದಾನೆ. ಪ್ರಾಣಿಯ ಮೇಲಣ ಆ ಪ್ರೀತಿಯನ್ನು ಹಳಿಯುವವನು ನಾನಲ್ಲ. ಆದರೆ ಒಡೆಯನ ಮನೆಯ ನಾಯಿಗೆ ಹೆಸರೂ ಕಲ್ಲೂ ಮಾನ್ಯವೂ ಸಂದ ಈ ನಾಡಿನಲ್ಲಿ, ಅಂಥ ಮನೆಗಳಲ್ಲಿ ಭತ್ತ ಕುಟ್ಟಿ ಸವೆದ ತೊತ್ತಿಗೆ ಯಾವ ಕಲ್ಲು ನಿಂತಿದೆಯೆಂದು ಹುಡುಕಿದರೆ ಕೈ ಬರಿದಾಗಿಯೇ ಮರಳುತ್ತದೆ.

ತೊತ್ತಿನ ಮಾತು ಹಾಗಿರಲಿ. ಕರಾವಳಿಯ ಮೂಲದಾಳಿನ ಸಂಗತಿ ತೀರ ಹಳೆಯದೇನಲ್ಲ. ಗದ್ದೆಗೆ ಅಂಟಿಕೊಂಡು ಹುಟ್ಟಿದವನು ಮೂಲದಾಳು. ಗದ್ದೆ ಕೈಬದಲಾದರೆ ಅವನೂ ಬದಲಾಗಬೇಕು. 1801ರಲ್ಲಿ ಕನ್ನಡ ಜಿಲ್ಲೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಂಥ ಆಳುಗಳಿಗೆ ಸಲ್ಲುತ್ತಿದ್ದ ಅಕ್ಕಿ ಬಟ್ಟೆಗಳ ಲೆಕ್ಕವನ್ನು ತನ್ನ ಪ್ರವಾಸಗ್ರಂಥದಲ್ಲಿ ಬರೆದಿಟ್ಟಿದ್ದಾನೆ. 1843ರ ಐದನೆಯ ಕಾಯಿದೆ ಗುಲಾಮನ ಮೇಲಣ ಒಡೆತನವನ್ನು ನ್ಯಾಯಾಲಯಗಳು ಮನ್ನಿಸಕೂಡದೆಂದಿತೇ ಹೊರತು, ಗುಲಾಮನನ್ನು ಬಿಟ್ಟುಕೊಡೆಂದು ಯಾವ ಒಡೆಯನಿಗೂ ಹೇಳಲಿಲ್ಲ. ಹುಟ್ಟಿನ ಹಗ್ಗ ಸಡಿಲಿದ ಕಡೆ ಸಾಲದ ಹಗ್ಗ ಬಿಗಿಯಿತು. ಜೀತವನ್ನು ಕಿತ್ತುಹಾಕಲು 1976ರಲ್ಲಿ ಮತ್ತೊಂದು ಕಾಯಿದೆಯೇ ಬೇಕಾಯಿತು. ಅಸ್ಪೃಶ್ಯತೆಯೂ ಗುಲಾಮಗಿರಿಯೂ ಒಂದೇ ಎನ್ನಲು ಅಂಬೇಡ್ಕರರು ಒಪ್ಪುತ್ತಿರಲಿಲ್ಲ. ಗುಲಾಮ ಒಡೆಯನ ಸ್ವತ್ತಾದುದರಿಂದ ಅವನನ್ನು ಉಣಿಸಿ ಉಳಿಸಿಕೊಳ್ಳುವ ಸ್ವಾರ್ಥವಾದರೂ ಒಡೆಯನಿಗಿತ್ತು, ಅಸ್ಪೃಶ್ಯನ ಹೊಟ್ಟೆಗೆ ಹೊಣೆಗಾರರೇ ಇರಲಿಲ್ಲ ಎಂಬುದು ಅವರ ವಾದ. ಕರಾವಳಿಯ ಮೂಲದಾಳಿನ ಮೇಲಾದರೋ ಈ ಎರಡು ಭಾರಗಳೂ ಒಟ್ಟಿಗೇ ಬಿದ್ದಿದ್ದವು.

ಕಲ್ಲಿಲ್ಲದೆಯೂ ಹಿರಿಯರನ್ನು ಉಳಿಸಿಕೊಂಡವರು ಉತ್ತರ ಕನ್ನಡದ ಸಿದ್ದಿಗಳು. ಆಫ್ರಿಕದ ಪೂರ್ವತೀರದಿಂದ ಪೋರ್ತುಗೀಸರು ಗೋವೆಗೆ ತಂದು ಮಾರಿದ ಗುಲಾಮರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಹೊಕ್ಕವರ ಸಂತತಿಯವರು ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತರಾಗಿ ಹಂಚಿಹೋಗಿದ್ದಾರೆ. 2003ರಲ್ಲಿ ಅವರು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಹಿಂದೂ ಸಿದ್ದಿಗಳ ಮನೆಗಳಲ್ಲಿ ಮಹಾನವಮಿಯ ದಿನಗಳಲ್ಲಿ ‘ಹಿರಿಯಾರು’ ಪೂಜೆ ನಡೆಯುತ್ತದೆ. ತೆಂಗಿನಕಾಯಿಯೇ ಅಜ್ಜ, ತೆಂಗಿನಕಾಯಿಯೇ ಅಜ್ಜಿ. ಹಡಗಿನ ಹೊಟ್ಟೆಯಲ್ಲಿ ಊರಿನ ಹೆಸರನ್ನೂ ಕಳೆದುಕೊಂಡವರಿಗೆ ಗೋತ್ರವನ್ನು ಕೇಳುವರಾರು? ಹಿರಿಯಾರು ಎಂದರೆ ಸಾಕು, ಎಲ್ಲರೂ ಬಂದಂತೆಯೇ.

ಅಲ್ಲಿ ಕಾಡಿನ ನಡುವೆ ಅದು ನಡೆಯುವ ಋತುವಿನಲ್ಲೇ ಇಲ್ಲಿ ಈ ಜನಸಾಗರ. ದೀಕ್ಷಾಭೂಮಿಯ ಸ್ತೂಪ ಸಾಂಚಿಯ ಮಾದರಿಯದು, ವ್ಯಾಸ 120 ಅಡಿ. 2001ರ ಡಿಸೆಂಬರ್ 18ರಂದು ಅದನ್ನು ಉದ್ಘಾಟಿಸಿದವರು ರಾಷ್ಟ್ರಪತಿ ಕೆ. ಆರ್. ನಾರಾಯಣನ್. ಹಳೆಯ ಸ್ತೂಪಗಳು ಧಾತುಗಳನ್ನು ಒಳಗಿಟ್ಟು ಮುಚ್ಚಿದ ಗಟ್ಟಿ ದಿಬ್ಬಗಳು; ಅವನ್ನು ಸುತ್ತಬಹುದು, ಹೊಗಲಾಗದು. ಇದು ಟೊಳ್ಳು, ಗುಡಿಯ ಹೊಸ್ತಿಲನ್ನು ದಾಟಲಾಗದೆ ಹೋದವರ ಮೊಮ್ಮಕ್ಕಳು ಇದರ ಗರ್ಭದೊಳಗೇ ನಿಂತು ತಲೆಯೆತ್ತಿ ನೋಡುತ್ತಾರೆ. ಪೂರ್ವಜರ ಸ್ಮಾರಕವೆಂದು ಇದಕ್ಕೆ ಯಾರೂ ಹೆಸರಿಟ್ಟಿಲ್ಲ.

ಒಂದು ವರ್ಷ ಕಟಕಟೆಯ ಬದಿಯಲ್ಲಿ ಕುಳಿತ ವೃದ್ಧೆಯೊಬ್ಬಳ ಮಾತಿನಲ್ಲಿ ನಮ್ಮ ಕಡೆಯ ಧಾಟಿಯನ್ನು ಕೇಳಿ, “ಯಾವೂರು ಯವ್ವಾ?” ಎಂದೆ. ಬೀದರದ ಕಡೆಯವಳು. ಕಳೆದ ಹತ್ತು ವರ್ಷಗಳಲ್ಲಿ ಒಮ್ಮೆಯೂ ತಪ್ಪಿಸಿಲ್ಲವಂತೆ. ಯಾಕೆಂದು ಕೇಳಿದ್ದಕ್ಕೆ, “ನಮ್ಮ ಮುತ್ಯಾನ ಅಪ್ಪ ಗೌಡರ ಮನ್ಯಾಗ ಜೀತಕ್ಕಿದ್ದನಂತ್ರಿ, ಅಲ್ಲೇ ಸತ್ತನಂತ. ಅವನ ಸಲುವಾಗಿ ಬರ್ತೀನಿ” ಎಂದಳು. ಅವನ ಹೆಸರೇನೆಂದು ನಾನು ಕೇಳಬಾರದಿತ್ತು, ಕೇಳಿಬಿಟ್ಟೆ. “ಹೆಸರ ಯಾರಿಗಿ ಗೊತ್ತದ್ರೀ ಅಣ್ಣಾ” ಎಂದು ನಕ್ಕು, ಮೊಮ್ಮಗನಿಗೆಂದು ಕೊಂಡ, ತನಗೆ ಓದಲು ಬಾರದ ಪುಸ್ತಕವೊಂದನ್ನು ರೊಟ್ಟಿಯ ಜೊತೆಗೇ ಗಂಟಿನಲ್ಲಿ ಕಟ್ಟಿಕೊಂಡು, ಅರ್ಧ ರೊಟ್ಟಿಯನ್ನು ನನ್ನ ಕೈಯಲ್ಲಿಟ್ಟು, ಮತ್ತೊಂದು ಸುತ್ತು ಹಾಕಲು ಎದ್ದುಹೋದಳು.