ಗಾಳಿ ಸೋಕಿತೆಂದ ಆ ದಿನ

ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಚುರುಕಾದ ಹುಡುಗಿಯೊಬ್ಬಳು ಒಂದೇ ವಾರದಲ್ಲಿ ಬುದ್ಧಿಭ್ರಮಣೆಗೆ ಒಳಗಾದಳು. ಗಾಳಿ ಸೋಕಿದೆಯೆಂದು ಊರು ನಂಬಿತು, ನಾನೂ ಮೌನವಾಗಿದ್ದೆ.

2007ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡಾ. ಜೋಸೆಪ್ ಡಾಲ್ಮೌ ಮತ್ತು ಸಂಗಡಿಗರು ಇಂಥ ಲಕ್ಷಣಗಳಿದ್ದ 12 ಸ್ತ್ರೀಯರನ್ನು ಪರೀಕ್ಷಿಸಿ, ದೇಹದ ರಕ್ಷಣಾವ್ಯವಸ್ಥೆಯೇ ಮೆದುಳಿನ ಮೇಲೆ ಎರಗುವುದನ್ನು ತೋರಿಸಿದರು. ಆಟೋಇಮ್ಯೂನ್ ಎನ್ಸೆಫಲೈಟಿಸ್‌ನ ಈ ಬಗೆ ತರುಣಿಯರಲ್ಲಿಯೂ ಮಕ್ಕಳಲ್ಲಿಯೂ ಹೆಚ್ಚು. ಇನ್ನೊಂದು ಬಗೆ ಐವತ್ತು ದಾಟಿದ ಪುರುಷರನ್ನು ಹೆಚ್ಚಾಗಿ ಕಾಡುತ್ತದೆ.

ರೋಗ ವಿರಳವೇ. ಆದರೂ ಮಿನ್ನೆಸೋಟದ ಒಂದು ಕೌಂಟಿಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಂತೆ, ಲಕ್ಷ ಜನರಲ್ಲಿ ಸುಮಾರು 14 ಮಂದಿ ಇದಕ್ಕೆ ತುತ್ತಾಗಿದ್ದರು. ಸೋಂಕಿನ ಮೆದುಳುಜ್ವರಕ್ಕೆ ತುತ್ತಾದವರು ಸುಮಾರು 12.

ಅವಳಿಗೆ ಇದೇ ಆಗಿತ್ತೆಂದು ಹೇಳಲಾರೆ. ಆದರೆ ಮಕ್ಕಳೇ, ಕೆಲವೇ ದಿನಗಳಲ್ಲಿ ಒಬ್ಬರ ನಡತೆ ಬದಲಾಗಿ ಸೆಳವು ಕಂಡರೆ ಮೊದಲು ನರರೋಗತಜ್ಞರಲ್ಲಿಗೆ ಕರೆದೊಯ್ಯಿರಿ. ಬೇಗ ಗುರುತಿಸಿದರೆ ಗುಣವಾಗುವ ಸಂಭವ ಹೆಚ್ಚು.